ಅಜ್ಜನ ತೊಟ್ಟಿ ಮನೆಯ ಗೋಡೆ ಬೆವರುತ್ತಿದೆ: ಕೆಡವೋದಾ, ಉಳಿಸೋದಾ?

ಕೋಟೆಬೀದಿ ಮೊಮ್ಮಗಳು (ಏಪ್ರಿಲ್ 6)

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಕೋಟೆ ಕಡೆಯ ಒಂದು ಸಂದಿಯಲ್ಲಿ ನಮ್ಮಜ್ಜ ಕಟ್ಟಿಸಿದ ಮನೆ ಇದೆ. ತೊಟ್ಟಿ ಮನೆ, ಮಣ್ಣಿನ ಗೋಡೆ, ಮರದ ಮುಚ್ಚಿಗೆ, ಮೇಲೆ ಹಂಚು. ಅಪ್ಪ ಹೋದ ಮೇಲೆ ಅಮ್ಮ ಒಬ್ಬರೇ ಇದ್ದಾರೆ. ನಾನು ಇದೇ ಊರಲ್ಲಿದ್ದೇನೆ, ಬಡಾವಣೆ ಕಡೆ. ಅಣ್ಣ ಬೆಂಗಳೂರಲ್ಲಿ.

ಎಂಟು ವರ್ಷದ ಹಿಂದೆ ಬೀದಿ ಕಡೆಯ ಗೋಡೆ ಉದುರುತ್ತಿದೆ ಅಂತ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆವು. ಒಳಗೆ, ಹೊರಗೆ ಎರಡೂ ಕಡೆ. ಮೇಲೆ ಪುಟ್ಟಿ, ಅದರ ಮೇಲೆ ಒಳ್ಳೇ ಪೇಂಟ್. ಎರಡು ಮಳೆಗಾಲ ಚೆನ್ನಾಗಿತ್ತು. ಈಗ ನೆಲದಿಂದ ಸೊಂಟದೆತ್ತರದ ತನಕ ಒದ್ದೆ. ಪೇಂಟ್ ಹಪ್ಪಳದ ಥರ ಎದ್ದಿದೆ. ಬೆರಳಲ್ಲಿ ತಟ್ಟಿದರೆ ಡಬ್ ಡಬ್ ಅನ್ನುತ್ತೆ. ಒಂದು ಚೂರು ಕಿತ್ತು ನೋಡಿದೆ. ಹಿಂದೆ ಹತ್ತಿಯ ಹಾಗೆ ಬೆಳ್ಳಗೆ ಏನೋ ಕಟ್ಟಿಕೊಂಡಿದೆ. ಅದರ ಹಿಂದಿನ ಮಣ್ಣು ಅವಲಕ್ಕಿ ಪುಡಿಯಂತೆ ಕೈಗೆ ಬಂತು.

ಒಬ್ಬರು ಕಂಟ್ರಾಕ್ಟರ್ ಬಂದು ಐದು ನಿಮಿಷ ನೋಡಿದರು. "ಅಕ್ಕ, ಇದಕ್ಕೆ ದುಡ್ಡು ಸುರೀಬೇಡಿ. ಕೆಡವಿ. ಕೆಳಗೆ ಎರಡು ಮಳಿಗೆ, ಮೇಲೆ ಎರಡು ಮನೆ ಏಳಿಸಿ" ಅಂದರು. ಅಣ್ಣನಿಗೂ ಅದೇ ಸರಿ ಅನ್ನಿಸಿದೆ. ಅಮ್ಮ ಮಾತ್ರ "ನಾನಿರೋ ತನಕ ಇರ್ಲಿ ಬಿಡ್ರೋ" ಅಂದು ಒಳಗೆ ಹೋದರು.

ನಿಜಕ್ಕೂ ಗೋಡೆ ಸತ್ತುಹೋಗಿದೆಯಾ? ತಿಳಿದವರು ಹೇಳಿ.

ಗಾರೆ ಕರಣಿ (ಏಪ್ರಿಲ್ 6)

ಅಕ್ಕ, ಗೋಡೆ ಸತ್ತಿಲ್ಲ. ಅದಕ್ಕೆ ಉಸಿರು ಕಟ್ಟಿದೆ ಅಷ್ಟೇ. ನಾನು ಓದಿದ್ದು ಸಿವಿಲ್, ನಮ್ಮಪ್ಪ ಗಾರೆ ಮೇಸ್ತ್ರಿ. ಈ ವಿಷಯದಲ್ಲಿ ಕಾಲೇಜಿಗಿಂತ ಅಪ್ಪನ ಹತ್ರ ಕಲಿತದ್ದೇ ಜಾಸ್ತಿ. ಸ್ವಲ್ಪ ಉದ್ದ ಬರೆಯುತ್ತೇನೆ.

ಮಣ್ಣಿನ ಗೋಡೆ ಯಾವತ್ತೂ ಪೂರ್ತಿ ಒಣಗಿರುವುದಿಲ್ಲ. ನೆಲದಿಂದ ಒಂದಿಷ್ಟು ನೀರು ಎಳೆಯುತ್ತೆ, ಗಾಳಿಗೆ ಬಿಡುತ್ತೆ. ಹಳೇ ಕಾಲದ ಸುಣ್ಣದ ಗಾರೆಯಲ್ಲಿ ಸಣ್ಣ ಸಣ್ಣ ರಂಧ್ರ ಇರುತ್ತವೆ, ಆವಿ ಅದರ ಮೂಲಕ ಹೊರಗೆ ಹೋಗುತ್ತೆ. ಸಿಮೆಂಟ್ ಗಟ್ಟಿ, ಬಿಗಿ. ಮೇಲೆ ಪುಟ್ಟಿ, ಎಮಲ್ಷನ್ ಬೇರೆ. ನೀರು ಒಳಗೆ ಬರುವ ದಾರಿ ಹಾಗೇ ಇದೆ, ಹೋಗುವ ದಾರಿ ಮುಚ್ಚಿದೆ. ಆಗ ನೀರು ಮೇಲಕ್ಕೆ ಏರುತ್ತೆ. ಮೊದಲು ಮೊಣಕಾಲಿನ ತನಕ ಇದ್ದದ್ದು ಸೊಂಟಕ್ಕೆ ಬರುವುದು ಹೀಗೆ.

ನೀವು ಕಂಡ ಬಿಳೀ ಹತ್ತಿ ಬೂಷ್ಟಲ್ಲ, ಉಪ್ಪು. ನೆಲದ ಲವಣ ನೀರಿನ ಜೊತೆ ಬಂದು, ನೀರು ಆರಿದ ಜಾಗದಲ್ಲಿ ಹರಳುಗಟ್ಟುತ್ತೆ. ಹರಳು ಬೆಳೆಯುವಾಗ ಮಣ್ಣನ್ನು ಒಡೆಯುತ್ತೆ. ಅದಕ್ಕೇ ಅವಲಕ್ಕಿ ಪುಡಿ. ಅದನ್ನು ನೀರು ಹಾಕಿ ತೊಳೆಯಬೇಡಿ, ಮತ್ತೆ ಕರಗಿ ಒಳಗೆ ಹೋಗುತ್ತೆ. ಒಣ ಬ್ರಷ್‌ನಲ್ಲಿ ಗುಡಿಸಿ ತೆಗೆಯಿರಿ.

ಈಗ ಒಂದು ಪ್ರಶ್ನೆ. ನಿಮ್ಮ ಜಗುಲಿಗೆ ಬೀದಿಯಿಂದ ಎಷ್ಟು ಮೆಟ್ಟಿಲು?

ಕೋಟೆಬೀದಿ ಮೊಮ್ಮಗಳು (ಏಪ್ರಿಲ್ 7)

ಒಂದು. ಈಗಷ್ಟೇ ಅಮ್ಮನನ್ನು ಕೇಳಿದೆ. ಅವರು ಬಂದಾಗ ಮೂರಿತ್ತಂತೆ! ನಾನು ಚಿಕ್ಕವಳಿದ್ದಾಗ ಎರಡು ಇದ್ದದ್ದು ನೆನಪಿದೆ, ಕೆಳಗಿನದರ ಮೇಲೆ ಕೂತು ಕುಂಟೆಬಿಲ್ಲೆಗೆ ಬಚ್ಚ ಆರಿಸುತ್ತಿದ್ದೆವು. ಮೆಟ್ಟಿಲು ಎಲ್ಲಿ ಹೋಯ್ತು ಅಂತ ಇಷ್ಟು ದಿನ ಯೋಚನೆಯೇ ಮಾಡಿರಲಿಲ್ಲ.

ಗಾರೆ ಕರಣಿ (ಏಪ್ರಿಲ್ 7)

ಎಲ್ಲೂ ಹೋಗಿಲ್ಲ, ರಸ್ತೆ ಕೆಳಗೆ ಇದೆ. ಹಳೇ ಡಾಂಬರು ಕೆರೆಯದೆ ಅದರ ಮೇಲೇ ಡಾಂಬರು, ಅದರ ಮೇಲೆ ಕಾಂಕ್ರೀಟು. ಪ್ರತಿ ಸಲ ಬೀದಿ ಏರುತ್ತೆ, ಮನೆ ತಗ್ಗಾಗುತ್ತೆ. ಗೋಡೆಯ ಕಲ್ಲಿನ ಪಾಯ ಮಣ್ಣಿನ ಭಾಗವನ್ನು ನೀರಿನಿಂದ ಎತ್ತಿ ಹಿಡಿಯಲಿ ಅಂತ ಇರೋದು. ಈಗ ಪಾಯವೇ ಹೂತುಹೋಗಿದೆ. ಬೀದಿಯ ನೀರು ನೇರ ಮಣ್ಣಿಗೆ ಬಡಿಯುತ್ತಿದೆ. ಅದೂ ಅಲ್ಲದೆ ಗೋಡೆ ಬುಡದ ತನಕ ಕಾಂಕ್ರೀಟ್ ಹಾಕಿದರೆ ನೆಲದ ತೇವಕ್ಕೆ ಆರಲು ಜಾಗ ಉಳಿಯುವುದಿಲ್ಲ, ಇದ್ದ ಒಂದೇ ದಾರಿ ನಿಮ್ಮ ಗೋಡೆ.

ಅಡಿಕೆ ಸೋಗೆ (ಏಪ್ರಿಲ್ 7)

ನಮ್ಮದು ತೀರ್ಥಹಳ್ಳಿ ಕಡೆ. ಶಿವಮೊಗ್ಗದವರ ಮಳೆ ನಮ್ಮ ಲೆಕ್ಕದಲ್ಲಿ ಮಳೆಯೇ ಅಲ್ಲ ಮಾರಾಯ್ರೇ, ಬೇಜಾರಾಗಬೇಡಿ. ಇಲ್ಲಿಂದ ಸ್ವಲ್ಪ ಮೇಲೆ ಹೋದರೆ ಆಗುಂಬೆ, ಅಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ದಾಟುತ್ತೆ. ಅಂಥ ಕಡೆಯೂ ಮಣ್ಣಿನ ಗೋಡೆ ನಿಂತಿದೆ. ಹೇಗೆ? ಸೂರು ಉದ್ದ ಇಳಿಬಿಡುತ್ತಿದ್ದರು. ಮಳೆಗಾಲಕ್ಕೆ ಮುಂಚೆ ಗಾಳಿ ಬೀಸುವ ಕಡೆ ಸೋಗೆ ತಟ್ಟಿ ಕಟ್ಟುತ್ತಿದ್ದರು. ಬೇಸಿಗೆಯಲ್ಲಿ ಹಂಚು ಕೈಯಾಡಿಸುತ್ತಿದ್ದರು. ದೀಪಾವಳಿ ಮುಂಚೆ ಗೋಡೆಗೆ ಕೆಮ್ಮಣ್ಣು ಬಳಿಯುತ್ತಿದ್ದರು. ಅಂದರೆ ಗೋಡೆಗೆ ಪ್ರತಿ ವರ್ಷ ಒಂದು ಕೈ ಬೀಳುತ್ತಿತ್ತು. ಈಗ ನಮಗೆ ಒಂದು ಸಲ ಮಾಡಿ ಇಪ್ಪತ್ತು ವರ್ಷ ತಿರುಗಿ ನೋಡಬಾರದು.

ಇನ್ನೊಂದು ಸಂಗತಿ. ಗ್ಯಾಸ್ ಬಂದು ಒಲೆ ಆರಿದ ಮೇಲೆ ನಮ್ಮ ಅಡಿಗೆಮನೆಯಲ್ಲಿ ಹಂಚು ಹೊರುವ ಮರದ ಪಕಾಸಿಗೆ ಕುಟ್ಟೆ ಹುಳ ಹಿಡಿಯಿತು. ಅಷ್ಟು ವರ್ಷ ಹೊಗೆ ಕಾದಿತ್ತು. ಬೆಳಗ್ಗೆ ಎದ್ದರೆ ನೆಲದ ಮೇಲೆ ಸಣ್ಣ ಸಣ್ಣ ಪುಡಿ ಗುಡ್ಡೆ, ಯಾರೋ ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ. ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿದೆವು. ಕೈಗೆ ತಾಗಿದರೆ ಚರ್ಮ ಸುಟ್ಟುಹೋಗುತ್ತೆ, ಜೋಪಾನ.

ಸಾಗರದ ಸೊಸೆ (ಏಪ್ರಿಲ್ 8)

ಎಲ್ಲ ಸರಿ. ಆದರೆ ಆ "ಪ್ರತಿ ವರ್ಷ ಒಂದು ಕೈ" ಯಾರ ಕೈ ಅಂತ ಯಾರೂ ಬರೆಯಲಿಲ್ಲ ನೋಡಿ.

ನಾನು ಹದಿನಾರು ವರ್ಷ ಐದಂಕಣದ ಮನೆಯ ನೆಲ ಸಾರಿಸಿದ್ದೇನೆ. ಸಗಣಿ ಹೊತ್ತು ತಂದು, ಬಗ್ಗಿ, ಬಾಗಿಲ ತನಕ ಹಿಂದಕ್ಕೆ ಸರಿಯುತ್ತಾ. ನನ್ನ ಸೊಂಟಕ್ಕೆ ಈಗ ಬೆಲ್ಟ್ ಇದೆ. ಬಚ್ಚಲು ಕೊಟ್ಟಿಗೆಯ ಆಚೆ. ಆಷಾಢದ ರಾತ್ರಿ ಬಸುರಿ ಹೆಂಗಸು ಕೊಡೆ ಹಿಡಿದು ಕೆಸರಲ್ಲಿ ಹೋಗಬೇಕು. ಬೇಸಿಗೆಯಲ್ಲಿ ರಜೆಗೆ ಬರೋ ನೆಂಟರು ಕಂಬ ತಬ್ಬಿ ಫೋಟೊ ತೆಗೆಸಿಕೊಂಡು "ಎಷ್ಟು ತಂಪು, ಕೆಡವಬೇಡಿ ಅತ್ತಿಗೆ" ಅಂತ ಹೇಳಿ ಹೋಗುತ್ತಾರೆ. ಹೇಳಿ ಹೋಗೋರಿಗೇನು.

ನಾವು ಕೆಡವಿದೆವು. ತಾರಸಿ ಹಾಕಿದೆವು. ನನಗೆ ಪಶ್ಚಾತ್ತಾಪ ಇಲ್ಲ. ತಾರಸಿಯೂ ಮೂರನೇ ವರ್ಷಕ್ಕೆ ಸೋರಿತು, ಈಗ ಅದರ ಮೇಲೆ ತಗಡು ಹೊದೆಸಿದ್ದೇವೆ, ಅದು ಬೇರೆ ಮಾತು.

ಗಾರೆ ಕರಣಿ (ಏಪ್ರಿಲ್ 8)

ಅಕ್ಕ ಹೇಳಿದ್ದಕ್ಕೆ ನನ್ನ ಹತ್ರ ತಕರಾರಿಲ್ಲ. ಉಳಿಸೋದು ಅಂದರೆ ಸಗಣಿ ನೆಲವನ್ನೂ ಉಳಿಸೋದು ಅಂತಲ್ಲ. ನೆಲಕ್ಕೆ ಕೆಂಪು ಗಾರೆಯೋ ಜೇಡಿಮಣ್ಣಿನ ಟೈಲ್ಸೋ ಹಾಕಿ, ಮನೆಯೊಳಗೇ ಒಳ್ಳೇ ಬಚ್ಚಲು, ಶೌಚಾಲಯ ಕಟ್ಟಿ. ಒಂದೇ ಎಚ್ಚರಿಕೆ, ನೀರಿನ ಕೋಣೆಯ ಗೋಡೆ ಹಳೇ ಮಣ್ಣಿನ ಗೋಡೆಗೆ ಅಂಟದಿರಲಿ, ಪಕ್ಕದಲ್ಲಿ ಬೇರೆಯಾಗಿ ನಿಲ್ಲಲಿ. ವೈರಿಂಗ್ ಅಂತೂ ಮೊದಲು ಬದಲಿಸಿ. ಹಳೇ ಮರದ ಮನೆಗೆ ಮಳೆಗಿಂತ ದೊಡ್ಡ ಶತ್ರು ಹಳೇ ವೈರು.

ತಾರಸಿ ಪರ (ಏಪ್ರಿಲ್ 8)

ಸುಮ್ನೆ ಭಾವುಕರಾಗಬೇಡಿ. ಅಲ್ಲಿ ಜಾಗದ ಬೆಲೆ ಏನು ಗೊತ್ತಾ? ಗಾಂಧಿ ಬಜಾರಿನ ಆಸುಪಾಸು ಒಂದು ಅಡಿ ಅಗಲದ ಮಳಿಗೆಗೂ ಬಾಡಿಗೆ ಸಿಗುತ್ತೆ. ಸುಣ್ಣದ ಗೋಡೆಗೆ ಯಾವ ಬ್ಯಾಂಕು ಸಾಲ ಕೊಡುತ್ತೆ? ಅಣ್ಣನ ಪಾಲಿಗೆ ಉತ್ತರ ಏನು?

ತುಂಗಾ ತೀರ (ಏಪ್ರಿಲ್ 9)

ಸಾಲದ ಮಾತು ನಿಜ. ನಾನು ಕೇಳಿಯೇ ಬಂದಿದ್ದೇನೆ. ಹೊಸದಾಗಿ ಕಟ್ಟಲು ಸಾಲದ ಅರ್ಜಿ ಎರಡು ಪುಟ, ಹಳೇದನ್ನು ರಿಪೇರಿ ಮಾಡುತ್ತೇನೆ ಅಂದರೆ ಮುಖ ನೋಡುತ್ತಾರೆ. ಅಹಮದಾಬಾದ್‌ನಲ್ಲಿ ಇದಕ್ಕೊಂದು ದಾರಿ ಮಾಡಿದ್ದಾರೆ. ಅಲ್ಲಿನ ಹಳೇ ಪೋಳ್‌ಗಳಲ್ಲಿ, ಅಂದರೆ ಒತ್ತೊತ್ತಾಗಿ ಮನೆಗಳಿರುವ ಓಣಿಗಳಲ್ಲಿ, ಪರಂಪರೆಯ ಪಟ್ಟಿಯಲ್ಲಿರುವ ಮರದ ಮನೆಯನ್ನು ಉಳಿಸಿಕೊಳ್ಳುವ ಮಾಲೀಕರು ತಾವು ಕಟ್ಟದೆ ಬಿಟ್ಟ ಮಹಡಿಗಳ ಹಕ್ಕನ್ನು ಬೇರೆ ಕಡೆ ಕಟ್ಟುವವರಿಗೆ ಮಾರಬಹುದು. 2017ರಲ್ಲಿ ಯುನೆಸ್ಕೋ ಆ ಹಳೇ ಊರನ್ನು ವಿಶ್ವ ಪರಂಪರೆಯ ನಗರ ಅಂತ ಸೇರಿಸಿತು, ನಮ್ಮ ದೇಶದಲ್ಲಿ ಮೊದಲನೆಯದು. ಇಟಲಿಯ ಬೊಲೋನ್ಯಾ ಊರಲ್ಲಿ 1970ರ ದಶಕದಲ್ಲೇ ಇನ್ನೊಂದು ಥರ ಮಾಡಿದರು. ಬಡವರಿಗೆ ಮನೆ ಕಟ್ಟಲು ಇಟ್ಟ ಸರ್ಕಾರದ ದುಡ್ಡನ್ನು ಊರ ನಡುವಿನ ಹಳೇ ಮನೆಗಳ ದುರಸ್ತಿಗೆ ಬಳಸಿ, ಅಲ್ಲೇ ಇದ್ದ ಬಾಡಿಗೆದಾರರನ್ನು ಅಲ್ಲೇ ಉಳಿಸಲು ನೋಡಿದರು. ನನಗೆ ಇದು ಹೆಚ್ಚು ಹಿಡಿಸಿತು. ಮನೆ ಉಳಿದು ಮನೆಯವರು ಹೋದರೆ ಏನು ಬಂತು?

ನಮ್ಮೂರಲ್ಲಿ ಹಳೇದು ಉಳಿಸೋದು ಅಂದ ಕೂಡಲೇ ಎಲ್ಲರೂ ಶಿವಪ್ಪ ನಾಯಕನ ಅರಮನೆ ಅಂತಾರೆ. ಅದು ಉಳಿಯಲಿ, ಮರದ ಕಂಬ ನೋಡಲು ನಾನೂ ನೆಂಟರನ್ನು ಕರೆದುಕೊಂಡು ಹೋಗುತ್ತೇನೆ. ಆದರೆ ಅರಮನೆ ಸುತ್ತಲಿನ ಬೀದಿಯ ಹೆಂಚಿನ ಮನೆ ಒಂದೊಂದೇ ಹೋದರೆ ಗಾಜಿನ ಕಾಂಪ್ಲೆಕ್ಸ್ ಮಧ್ಯೆ ಒಂದು ಮ್ಯೂಸಿಯಂ ನಿಂತಿರುತ್ತೆ, ಅಷ್ಟೇ. ಸ್ಮಾರ್ಟ್ ಸಿಟಿ ದುಡ್ಡಲ್ಲಿ ಸಂದಿಗಳಿಗೆ ಕಲ್ಲು ಹಾಸಿ, ಗೋಡೆಗೆ ಚಿತ್ರ ಬರೆಸಿದರು, ನಡೆದಾಡಲು ಹಿತವಾಗಿದೆ, ಇಲ್ಲ ಅನ್ನಲ್ಲ. ಅದರ ಜೊತೆ ಮೆಟ್ಟಿಲು ಲೆಕ್ಕ ಹಾಕಿದ್ದರೆ ಇನ್ನೂ ಒಳ್ಳೇದಿತ್ತು.

ಇಕ್ಕೇರಿ ದಾರಿ (ಏಪ್ರಿಲ್ 9)

ಒಂದು ಸಣ್ಣ ಸೂಚನೆ, ಬೇರೆಯವರಿಗೂ ಉಪಯೋಗಕ್ಕೆ ಬರಬಹುದು. ಕೇಂದ್ರ ಪುರಾತತ್ವ ಇಲಾಖೆ ಕಾಯುವ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸದು ಕಟ್ಟುವಂತಿಲ್ಲ, ಅದರಾಚೆ 200 ಮೀಟರ್ ತನಕ ಕಟ್ಟಲು ಅನುಮತಿ ಬೇಕು. 2010ರ ತಿದ್ದುಪಡಿ. ಇಕ್ಕೇರಿ ಅಘೋರೇಶ್ವರ ದೇವಸ್ಥಾನದ ಹತ್ತಿರದವರಿಗೆಲ್ಲ ಇದು ಬಾಯಿಪಾಠ. ಹಳೇ ಮನೆ ರಿಪೇರಿಗೆ ದಾರಿ ಇದೆ, ಆದರೆ ಮೊದಲೇ ಅರ್ಜಿ ಹಾಕಿ. ಗೋಡೆ ಕಿತ್ತ ಮೇಲೆ ಓಡಾಡಿದರೆ ಮಳೆ ಕಾಯುವುದಿಲ್ಲ.

ಮುಳುಗಡೆ ಮೊಮ್ಮಗ (ಏಪ್ರಿಲ್ 10)

ಈ ಚರ್ಚೆ ಓದುತ್ತಾ ನಮ್ಮ ಮನೆ ನೆನಪಾಯ್ತು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನಮ್ಮ ಊರು ಶರಾವತಿ ಹಿನ್ನೀರಿನ ಅಡಿ ಹೋಯ್ತು. ಅಜ್ಜ ಮನೆಯನ್ನು ಬಿಟ್ಟು ಬರಲಿಲ್ಲ, ಬಿಚ್ಚಿಕೊಂಡು ಬಂದರು. ತೊಲೆ, ಜಂತೆ, ಮುಂಡಿಗೆ, ಬಾಗಿಲು, ಹಂಚು, ಎಲ್ಲಾ ಗಾಡಿ ಮೇಲೆ. ಒಂದೊಂದು ತೊಲೆಯ ತುದಿಗೂ ಆಚಾರ್ರು ಉಳಿಯಲ್ಲಿ ಗೆರೆ ಕೊರೆದಿದ್ದರು. ಒಂದು ಗೆರೆ ಅಂದರೆ ಮೊದಲನೇ ಅಂಕಣ, ಎರಡು ಗೆರೆ ಎರಡನೇದು. ಹೊಸ ಜಾಗದಲ್ಲಿ ಗೆರೆಗೆ ಗೆರೆ ಕೂಡಿಸಿ ನಿಲ್ಲಿಸಿದರು. ಮೊಳೆ ಇಲ್ಲ, ಕಚ್ಚು, ಗೂಟ ಅಷ್ಟೇ. ಆ ಗೆರೆ ಈಗಲೂ ಅಟ್ಟ ಹತ್ತಿದರೆ ಕಾಣುತ್ತೆ. ಗೋಡೆ ಮಾತ್ರ ಅಲ್ಲಿಯದು ಅಲ್ಲಿಯೇ ಕರಗಿತು, ಇಲ್ಲಿಯ ಮಣ್ಣಲ್ಲಿ ಹೊಸದು ಎದ್ದಿತು.

ಇವತ್ತಿನ ತಾರಸಿ ಮನೆ ಬಿಚ್ಚಲು ಬರುತ್ತಾ? ಒಡೆದು ಟಿಪ್ಪರ್‌ಗೆ ತುಂಬಿ ಕೆರೆ ಅಂಗಳಕ್ಕೆ ಸುರಿಯಬೇಕು.

ಈಗ ನಮ್ಮ ಕಡೆ ಹಳೇ ಮರದ ವ್ಯಾಪಾರಿಗಳು ಬೈಕಲ್ಲಿ ಬರುತ್ತಾರೆ. "ಬಾಗಿಲು ಕೊಡ್ತೀರಾ, ಕಂಬ ಕೊಡ್ತೀರಾ" ಅಂತ. ಬೀಟೆ ಬಾಗಿಲಿಗೆ ಪ್ಲೈವುಡ್ ಬಾಗಿಲಿನ ದುಡ್ಡು ಕೊಟ್ಟು ಒಯ್ಯುತ್ತಾರೆ. ಅದು ಇನ್ಯಾವುದೋ ಹೋಟೆಲಿನ ಗೋಡೆಯಲ್ಲಿ ತೂಗುತ್ತೆ, ಅದರಲ್ಲಿ ಯಾರೂ ಒಳಗೆ ಬರಲ್ಲ, ಹೊರಗೆ ಹೋಗಲ್ಲ. ಅಕ್ಕ, ಏನೇ ಮಾಡಿ, ತೀರ್ಮಾನ ಆಗುವ ತನಕ ಇಂಥವರನ್ನು ಜಗುಲಿ ಹತ್ತಿಸಬೇಡಿ.

ಅಡಿಕೆ ಸೋಗೆ (ಏಪ್ರಿಲ್ 10)

ಬಿಚ್ಚಿದ ಮನೆ ಅಂದಿರಿ, ಮಣಿಪಾಲದ ಹಸ್ತಶಿಲ್ಪ ಪರಂಪರೆ ಗ್ರಾಮಕ್ಕೆ ಹೋಗಿದ್ದೀರಾ? ವಿಜಯನಾಥ ಶೆಣೈ ಅವರು ಎಲ್ಲೆಲ್ಲಿಂದಲೋ ಕೆಡವುವ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದ್ದು. ನಮ್ಮ ಕುಪ್ಪಳಿಯಲ್ಲಿ ಕುವೆಂಪು ಅವರ ಕವಿಮನೆಯೂ ಇದೆ, ಮೂರಂತಸ್ತಿನ ಮನೆ, ತುಂಬಾ ಅಚ್ಚುಕಟ್ಟು. ನನಗೆ ಇಂಥ ಕಡೆ ಹೋದಾಗೆಲ್ಲ ಒಂದೇ ಕಸಿವಿಸಿ. ಒಲೆ ತಣ್ಣಗಿರುತ್ತೆ.

ಸಾಗರದ ಸೊಸೆ (ಏಪ್ರಿಲ್ 10)

ಹೌದು. ಹಾಗೇ ನೆನಪಾಯ್ತು, ನಮ್ಮ ಕಡೆ ದೀವರು ಸಮುದಾಯದ ಮನೆಗಳ ಹಸೆ ಚಿತ್ತಾರ. ಕೆಮ್ಮಣ್ಣಿನ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಎಮಲ್ಷನ್ ಗೋಡೆ ಬಂದ ಮೇಲೆ ಚಿತ್ತಾರ ಫ್ರೇಮಿಗೆ ಹೋಯ್ತು. ಮನೆ ಕೆಡವಿದ್ದಕ್ಕೆ ಪಶ್ಚಾತ್ತಾಪ ಇಲ್ಲ ಅಂದೆನಲ್ಲ, ಆ ಒಂದು ಗೋಡೆ ಉಳಿಸಿಕೊಳ್ಳಬಹುದಿತ್ತು ಅನ್ನಿಸುತ್ತೆ ಕೆಲವು ಸಲ.

ಗಾರೆ ಕರಣಿ (ಏಪ್ರಿಲ್ 11)

ಕೆಲಸದ ಮಾತಿಗೆ ಬರೋಣ. ಮಳೆಗೆ ಇನ್ನು ಎರಡು ತಿಂಗಳಿಲ್ಲ. ಅಕ್ಕ, ಇಡೀ ಮನೆ ಕೈಗೆತ್ತಿಕೊಳ್ಳಬೇಡಿ. ಆ ಒಂದು ಗೋಡೆ ಮಾಡಿ ನೋಡಿ.

ಮೊದಲು ಹಂಚು. ಸೋರುತ್ತಿದ್ದರೆ ಕೆಳಗೆ ಏನು ಮಾಡಿದರೂ ದಂಡ. ಆಮೇಲೆ ಬೀದಿ ಬದಿ ಗೋಡೆ ಬುಡದ ಕಾಂಕ್ರೀಟನ್ನು ಒಂದಡಿ ಅಗಲ ತೆಗೆಸಿ, ಜಲ್ಲಿ ತುಂಬಿ, ಚರಂಡಿಗೆ ಇಳಿಜಾರು ಕೊಡಿ. ಬೀದಿ ನಗರಪಾಲಿಕೆಯದು, ವಾರ್ಡಿನವರಿಗೆ ಕೇಳಿ ಮಾಡಿಸಿ. ನಂತರ ಸಿಮೆಂಟ್ ಕೆರೆಸಿ. ಸುತ್ತಿಗೆಯಲ್ಲಿ ಬಡಿಸಬೇಡಿ, ಅದರ ಜೊತೆ ಗೋಡೆಯೂ ಬರುತ್ತೆ. ಸಣ್ಣ ಉಳಿ, ಟೊಳ್ಳಿರುವ ಕಡೆಯಿಂದ ಮೆಲ್ಲಗೆ ಎಬ್ಬಿಸುತ್ತಾ ಹೋಗಬೇಕು. ಕೆರೆದ ಮೇಲೆ ಕನಿಷ್ಠ ಮೂರು ವಾರ ಹಾಗೇ ಬಿಡಿ. ನೋಡಲು ಅಸಹ್ಯ ಇರುತ್ತೆ, ಬಂದವರೆಲ್ಲ ಒಂದೊಂದು ಮಾತು ಹೇಳುತ್ತಾರೆ, ಇರಲಿ.

ಗಾರೆಗೆ ಸುಣ್ಣದ ಕಲ್ಲನ್ನೇ ತಂದು ಅರಳಿಸಿ. ಚೀಲದ ಪುಡಿ ಎಷ್ಟು ದಿನ ಗಾಳಿ ಕುಡಿದಿರುತ್ತೋ ಹೇಳಲಾಗದು. ಕಲ್ಲಿಗೆ ನೀರು ಬಿದ್ದಾಗ ಕೊತಕೊತ ಕುದಿಯುತ್ತೆ. ಕಣ್ಣಿಗೆ ಹಾರಿದರೆ ಕಣ್ಣು ಹೋಗುತ್ತೆ, ಕನ್ನಡಕ ಹಾಕದೆ ಹತ್ತಿರ ಹೋಗಬೇಡಿ, ಮಕ್ಕಳನ್ನು ದೂರ ಇಡಿ. ಅರಳಿದ್ದನ್ನು ಸೋಸಿ, ಮೇಲೆ ನೀರು ನಿಲ್ಲಿಸಿ, ಎಷ್ಟು ದಿನ ಇಟ್ಟರೆ ಅಷ್ಟು ಒಳ್ಳೇದು, ಬೆಣ್ಣೆ ಥರ ಆಗುತ್ತೆ. ಒಂದು ಪಾಲು ಸುಣ್ಣ, ಮೂರು ಪಾಲು ಮರಳು. ಸ್ವಲ್ಪ ಇಟ್ಟಿಗೆ ಪುಡಿ ಸೇರಿಸಿದರೆ ತೇವದಲ್ಲೂ ಗಟ್ಟಿಯಾಗುತ್ತೆ. ಅಪ್ಪ ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕುತ್ತಿದ್ದರು. ತೆಳ್ಳಗೆ ಎರಡು ಮೂರು ಪದರ, ಒಂದು ಬಿಗಿದ ಮೇಲೆ ಇನ್ನೊಂದು. ಮೇಲೆ ಸುಣ್ಣದ ಬಣ್ಣವೇ, ಎಮಲ್ಷನ್ ಬೇಡ.

ಮೊದಲ ಗಾರೆ ಎರಡು ಮೂರು ವರ್ಷಕ್ಕೆ ಉಪ್ಪು ಹೀರಿ ಅಲ್ಲಲ್ಲಿ ಉದುರಬಹುದು. ಹೆದರಬೇಡಿ. ಗೋಡೆ ಉದುರುವ ಬದಲು ಗಾರೆ ಉದುರಲಿ ಅಂತಲೇ ಹಾಕೋದು.

ತಾರಸಿ ಪರ (ಏಪ್ರಿಲ್ 11)

ಸಿಮೆಂಟ್ ಅಂದರೆ ಪಾಪ, ಸುಣ್ಣ ಅಂದರೆ ಪುಣ್ಯ ಅನ್ನೋ ಹಾಗೆ ಮಾತಾಡ್ತೀರಲ್ಲ. ಸುಣ್ಣ ಸುಡುವಾಗಲೂ ಹೊಗೆ ಬರುತ್ತೆ ಸ್ವಾಮಿ.

ಗಾರೆ ಕರಣಿ (ಏಪ್ರಿಲ್ 11)

ಬರುತ್ತೆ, ಒಪ್ಪಿದೆ. ಎರಡಕ್ಕೂ ಮೂಲ ಸುಣ್ಣದ ಕಲ್ಲೇ, ಸುಟ್ಟಾಗ ಇಂಗಾಲದ ಡೈಆಕ್ಸೈಡ್ ಬಿಡುತ್ತೆ. ವ್ಯತ್ಯಾಸ ಇಷ್ಟು. ಸುಣ್ಣಕ್ಕೆ ಸುಮಾರು 900 ಡಿಗ್ರಿ ಸಾಕು, ಸಿಮೆಂಟಿಗೆ 1450ರ ತನಕ ಬೇಕು. ಸುಣ್ಣದ ಗಾರೆ ಗಟ್ಟಿಯಾಗುವಾಗ ಬಿಟ್ಟ ಅನಿಲದಲ್ಲಿ ಒಂದು ಪಾಲನ್ನು ಗಾಳಿಯಿಂದ ವಾಪಸ್ ಎಳೆದುಕೊಳ್ಳುತ್ತೆ. ಪ್ರಪಂಚದ ಇಂಗಾಲದ ಡೈಆಕ್ಸೈಡ್‌ನಲ್ಲಿ ಶೇ. 7-8 ಸಿಮೆಂಟಿನದೇ. ಆದರೆ ಅಸಲು ಉಳಿತಾಯ ಸುಣ್ಣದಲ್ಲಿಲ್ಲ, ಕೆಡವದೇ ಇರುವುದರಲ್ಲಿದೆ. ಅಜ್ಜನ ಗೋಡೆ ಆಗಲೇ ಅಲ್ಲಿದೆ, ಅದಕ್ಕೆ ಹೊಸದಾಗಿ ಏನೂ ಸುಡಬೇಕಾಗಿಲ್ಲ. ನಾನೂ ದಿನಾ ಸಿಮೆಂಟಲ್ಲೇ ಕೆಲಸ ಮಾಡೋನು, ಕಾಂಕ್ರೀಟ್ ಕಂಬಕ್ಕೆ ಅದೇ ಬೇಕು. ಮಣ್ಣಿನ ಗೋಡೆಗೆ ಬೇಡ ಅಷ್ಟೇ.

ಕೋಟೆಬೀದಿ ಮೊಮ್ಮಗಳು (ಮೇ 24)

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಒಂದು ಗೋಡೆ ಮಾಡಿಸಿದೆವು.

ಗಾರೆ ಕೆಲಸ ಗೊತ್ತಿರೋ ಒಬ್ಬ ಹಿರಿಯರು ಸಿಕ್ಕಿದರು. ಎಪ್ಪತ್ತು ದಾಟಿದೆ. ಮೊದಲ ದಿನ ಬಂದವರು ಗೋಡೆ ನೋಡಲಿಲ್ಲ, ಜಗುಲಿ ಮೇಲೆ ಕೂತು ಅಮ್ಮನ ಹತ್ರ ಕಾಫಿ ಕುಡಿದು "ಈ ಮನೆಗೆ ಸುಣ್ಣ ಯಾರು ಹೊಡೀತಿದ್ರು?" ಅಂತ ಕೇಳಿದರು. ಸಿಮೆಂಟ್ ಎಬ್ಬಿಸುವಾಗ ತಟ್ಟೆಯಷ್ಟಗಲದ ಹಾಳೆಗಳಾಗಿ ಬಂತು, ಗೋಡೆಗೆ ಅಂಟಿಕೊಂಡೇ ಇರಲಿಲ್ಲ! ಅದರ ಹಿಂದೆ, ಬಾಗಿಲ ಪಕ್ಕ ಒಂದು ಮೂಲೆಯಲ್ಲಿ ಹಳೇ ಗಾರೆ ಉಳಿದಿತ್ತು. ಅದರ ಮೇಲೆ ಸುಣ್ಣದ ಪದರಗಳು. ಬಿಳಿ, ತಿಳಿನೀಲಿ, ಮತ್ತೆ ಬಿಳಿ. ಅಮ್ಮ ತಿಳಿನೀಲಿ ನೋಡಿ "ಇದು ನನ್ನ ಮದುವೆ ವರ್ಷದ್ದು" ಅಂದರು.

ಅಣ್ಣ ಬಂದಿದ್ದ. ಮೂರು ವಾರ ಬರೀ ಮಣ್ಣು ಕಾಣುತ್ತಿದ್ದ ಗೋಡೆ ನೋಡಿ ಮುಖ ಸಿಂಡರಿಸಿದ. ಆಮೇಲೆ ಅವನೇ ಒಂದು ದಿನ ಸುಣ್ಣ ಸೋಸಿಕೊಟ್ಟ. ಕೆಡವೋ ಮಾತು ಬಿಟ್ಟಿಲ್ಲ. "ಅಮ್ಮ ಇರೋ ತನಕ" ಅಂತ ಒಪ್ಪಿದ್ದಾನೆ. ಬೀದಿ ಕಡೆಯ ಕೋಣೆಯನ್ನು ಟೈಲರ್ ಒಬ್ಬರಿಗೆ ಬಾಡಿಗೆಗೆ ಕೊಡೋಣ ಅಂತಲೂ ಅವನೇ ಅಂದ. ಗೋಡೆ ಬುಡದ ಕಾಂಕ್ರೀಟ್ ತೆಗೆಸಲು ಅರ್ಜಿ ಕೊಟ್ಟಿದ್ದೇವೆ, ಇನ್ನೂ ಯಾರೂ ಬಂದಿಲ್ಲ.

ಗಾರೆ ಕರಣಿ (ಮೇ 25)

ಖುಷಿಯಾಯ್ತು ಅಕ್ಕ. ಸದ್ಯಕ್ಕೆ ಬೀದಿ ನೀರು ಚಿಮ್ಮದಂತೆ ಹಲಗೆಯೋ ತಟ್ಟಿಯೋ ಅಡ್ಡ ಕೊಡಿ. ಗೋಡೆಗೆ ತಾಗಿಸಬೇಡಿ, ಗಾಳಿಗೆ ಒಂದು ಗೇಣು ಬಿಡಿ. ಆ ಹಿರಿಯರ ಜೊತೆ ಕಲಿಯೋ ಹುಡುಗರು ಯಾರಾದರೂ ಇದ್ದರಾ?

ಕೋಟೆಬೀದಿ ಮೊಮ್ಮಗಳು (ಜುಲೈ 19)

ಹುಡುಗರು ಯಾರೂ ಇರಲಿಲ್ಲ. ಮಗ ಟೈಲ್ಸ್ ಕೆಲಸ ಮಾಡುತ್ತಾನಂತೆ, ಅದರಲ್ಲೇ ಕೂಲಿ ಜಾಸ್ತಿ.

ಪುನರ್ವಸು ಮಳೆ ಚೆನ್ನಾಗೇ ಹೊಡೆಯಿತು. ಗೋಡೆ ಮೊಣಕಾಲಿನ ತನಕ ಸ್ವಲ್ಪ ಬಣ್ಣ ಮಾಸಿದೆ, ಮೇಲೆ ಒಣಗಿದೆ. ಮೂರು ದಿನ ಬಿಸಿಲು ಬಿದ್ದಾಗ ಮಾಸಿದ್ದೂ ಹೋಯ್ತು. ಕೋಣೆಯಲ್ಲಿ ಆ ಹಳೇ ಮುಗ್ಗಲು ವಾಸನೆ ಇಲ್ಲ. ಅಮ್ಮ ಮಂಚ ಮತ್ತೆ ಆ ಗೋಡೆ ಪಕ್ಕಕ್ಕೇ ಎಳೆಸಿಕೊಂಡಿದ್ದಾರೆ.

ಈಗ ಹೊಸ ತಾಪತ್ರಯ. ಹಿಂದಿನ ಸೂರಿನ ಮೇಲೆ ಮಂಗಗಳು ಕುಣಿದು ಹಂಚು ಒಡೆದಿವೆ. ಅದು ಮಂಗಳೂರು ಹಂಚಲ್ಲ, ಹಳೇ ನಾಡಹಂಚು. ಯಾರಾದರೂ ಮನೆ ಬಿಚ್ಚುತ್ತಿದ್ದರೆ, ಅಥವಾ ಕೊಟ್ಟಿಗೆ ಹಿಂದೆ ಪೇರಿಸಿಟ್ಟಿದ್ದರೆ ಹೇಳಿ. ಮುನ್ನೂರು ನಾಲ್ಕುನೂರು ಸಾಕು. ಗಾಡಿ ನಾವೇ ತರುತ್ತೇವೆ.